ಎಣ್ಣೆ ತರುವವರು

ಆ ಮನೆಯಲ್ಲಿ ಅಡುಗೆ ಎಣ್ಣೆಯನ್ನು ಯಾರು ಬೇಕಾದರೂ ತರುವ ಹಾಗಿರಲಿಲ್ಲ. ಯಾರ ಸಂಬಳ ಹೆಚ್ಚೋ ಅವರೇ ತರಬೇಕು. ಅಕ್ಕಿ, ಬೇಳೆ, ಹಾಲು, ಸೋಪು ಎಲ್ಲವೂ ಹಂಚಿಕೆಯ ಮೇಲೆ ನಡೆಯುತ್ತಿತ್ತು. ಎಣ್ಣೆಗೆ ಮಾತ್ರ ಈ ಕಾನೂನು. ಅದನ್ನು ಅತ್ತೆ ಯಾವಾಗ ಮಾಡಿದರು, ಯಾಕೆ ಮಾಡಿದರು ಎಂದು ಯಾರಿಗೂ ನೆನಪಿಲ್ಲ. ಕೇಳಿದರೆ "ಎಣ್ಣೆ ದುಬಾರಿ, ಅದಕ್ಕೆ" ಎಂದು ಮುಗಿಸುತ್ತಿದ್ದರು. ತಿಂಗಳ ಮೊದಲ ಭಾನುವಾರ ಐದು ಲೀಟರಿನ ಡಬ್ಬ ಬಾಗಿಲಿಗೆ ಬಂದಾಗ, ಮಂಡಿನೋವಿನ ಅತ್ತೆ ಕುರ್ಚಿಯಿಂದ ತಾವೇ ಎದ್ದು ಹೋಗಿ ಬಾಗಿಲು ತೆಗೆದು, "ಬಂತಾ ಎಣ್ಣೆ? ಬಾ, ಕೂತ್ಕೋ, ಸುಸ್ತಾಗಿರ್ತೀಯ" ಎನ್ನುತ್ತಿದ್ದರು. ಬೇರೆ ಯಾರು ಬಂದರೂ, ಅವರದೇ ಮಂಡಿಯ ಮಾತ್ರೆ ತಂದವರು ಬಂದರೂ, ಕುರ್ಚಿ ಅಲುಗುತ್ತಿರಲಿಲ್ಲ.

ಹದಿನಾರು ವರ್ಷ ಎಣ್ಣೆ ತಂದವನು ಹಿರಿಯ ಮಗ. ಲೇತ್ ಯಂತ್ರದ ಮೇಲೆ ಕಬ್ಬಿಣದ ಬಿಡಿಭಾಗ ಕಡೆಯುವ ಕೆಲಸ ಅವನದು. ಹೋದ ವರ್ಷದ ಕೊನೆಗೆ ಅವನ ಕಾರ್ಖಾನೆ ಬಾಗಿಲು ಹಾಕಿತು. ಇನ್ನು ಡಬ್ಬ ಯಾರ ಪಾಲಿಗೆ ಎಂದು ಅತ್ತೆ ಊಟದ ನಡುವೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಕಿರಿಯ ಮಗ ಪಾರ್ಸೆಲ್ ವ್ಯಾನ್ ಓಡಿಸುತ್ತಾನೆ, ಓಡಿಸಿದ ದಿನಕ್ಕಷ್ಟೇ ಕೂಲಿ. ಅವನ ಹೆಂಡತಿ ಬಿಸ್ಕತ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಆ ತಿಂಗಳೇ ಅವಳನ್ನು ಸೂಪರ್‌ವೈಸರ್ ಮಾಡಿ ಕೊರಳಿಗೆ ಹಸಿರು ಪಟ್ಟಿಯ ಕಾರ್ಡು ಹಾಕಿದ್ದರು. ಉಳಿದವಳು ಹಿರಿಯ ಸೊಸೆ.

"ನಿನಗೆ ಎಷ್ಟು ಕೊಡ್ತಾರೆ ಈಗ?" ಎಂದರು ಅತ್ತೆ.

"ಏನೋ ಒಂದಿಷ್ಟು ಕೊಡ್ತಾರೆ ಅತ್ತೆ. ಗುತ್ತಿಗೆ ಕೆಲಸ, ನಿಮಗೆ ಗೊತ್ತೇ ಇದೆಯಲ್ಲ."

ಅತ್ತೆಗೆ ಗೊತ್ತಿದ್ದದ್ದು ಅವಳು ಸೇರಿದಾಗಿನ ಒಂಬತ್ತು ಸಾವಿರದ ಎಂಟುನೂರು. ಹಾಗಾಗಿ ಡಬ್ಬ ಕಿರಿಯ ಸೊಸೆಯ ಪಾಲಾಯಿತು. ಅವಳು ತಲೆಯಾಡಿಸಿ ಊಟ ಮುಂದುವರಿಸಿದಳು.

ಇದರಲ್ಲಿನ ತಮಾಷೆ ಏನೆಂದರೆ, ಊರವರ ಸಂಬಳ ಕೇಳುವುದೇ ಈ ಹಿರಿಯ ಸೊಸೆಯ ಕೆಲಸ. ರಾಜ್ಯದ ಅಂಕಿಅಂಶ ಕಚೇರಿಯಿಂದ ಮೂರು ತಿಂಗಳಿಗೊಮ್ಮೆ ಮನೆಗಳ ಪಟ್ಟಿ ಬರುತ್ತದೆ. ಅವಳು ಆ ಮನೆಗಳ ಬಾಗಿಲು ತಟ್ಟಿ, ಕಳೆದ ವಾರ ಯಾರು ಕೆಲಸ ಮಾಡಿದರು, ಎಷ್ಟು ಗಂಟೆ, ಕೈಗೆ ಎಷ್ಟು ಬಂತು, ಮನೆ ಸ್ವಂತದ್ದೋ ಬಾಡಿಗೆಯದೋ, ಬಾಡಿಗೆ ಏರಿತೋ ಇಳಿಯಿತೋ ಎಂದು ಕೇಳಿ ಫಾರಂ ತುಂಬಬೇಕು. ಮನೆಯಲ್ಲಿ ಆ ಹೊತ್ತಿಗೆ ಯಾರು ಸಿಕ್ಕುತ್ತಾರೋ ಅವರೇ ಉಳಿದವರ ಪರವಾಗಿಯೂ ಉತ್ತರ ಕೊಡಬಹುದು. ಬೀದಿಬೀದಿಯಲ್ಲೂ ಅವಳಿಗೆ ಲೆಕ್ಕದಕ್ಕ ಎಂದೇ ಹೆಸರು. ನಾವೂ ಹಾಗೆಯೇ ಕರೆಯೋಣ.

ಉತ್ತರ ಹೇಳುವವರಿಗೆ ಗೊತ್ತಿಲ್ಲದಿದ್ದರೆ ಫಾರಂನಲ್ಲಿ ತೊಂಬತ್ತೊಂಬತ್ತು ಎಂದು ಬರೆಯಬೇಕು. ಲೆಕ್ಕದಕ್ಕನ ಫಾರಂಗಳಲ್ಲಿ ತೊಂಬತ್ತೊಂಬತ್ತು ಹುಡುಕಿದರೂ ಸಿಗುತ್ತಿರಲಿಲ್ಲ. ಅವಳು ಬಿಡುತ್ತಿರಲಿಲ್ಲ; ಗಂಡನ ಸಂಬಳ ಗೊತ್ತಿಲ್ಲವೆಂದ ಹೆಂಗಸಿನ ಮುಂದೆ ಜಪ್ಪಯ್ಯ ಎಂದರೂ ಏಳದೆ ಕೂತು, ಗಂಡ ಬಂದ ಮೇಲೆ ಕೇಳಿ ಬರೆದುಕೊಂಡೇ ಹೋಗುತ್ತಿದ್ದಳು. ಮನೆಗೆ ಬಂದು ಬೇಳೆ ಬಡಿಸುತ್ತಾ, "ಒಂದೇ ಸೂರಿನ ಕೆಳಗೆ ಉಣ್ತಾರೆ, ಒಬ್ಬರ ಸಂಬಳ ಒಬ್ಬರಿಗೆ ಗೊತ್ತಿಲ್ಲ. ಅದೆಂಥ ಸಂಸಾರವೋ" ಎಂದು ಮೂಗು ಮುರಿಯುತ್ತಿದ್ದಳು.

ಹೀಗೆ ಮೂಗು ಮುರಿಯುವವಳ ಸಂಬಳ ಐದು ವರ್ಷದಲ್ಲಿ ಎರಡು ಸಲ ಏರಿತ್ತು. ಈಗ ಹದಿನಾರು ಸಾವಿರದ ಎಂಟುನೂರು. ಮೊದಲ ಏರಿಕೆಯನ್ನು ಮನೆಯಲ್ಲಿ ಹೇಳಲು ಮರೆತಳು. ಎರಡನೆಯದನ್ನು ಹೇಳದಿರಲು ನೆನಪಿಟ್ಟುಕೊಂಡಳು. ಹೆಚ್ಚುವರಿ ಹಣ ಅಂಚೆ ಕಚೇರಿಯ ಪುಸ್ತಕದಲ್ಲಿತ್ತು. ಮಗಳ ಓದಿಗೆ, ಮಗಳಿಗೊಂದು ಕೋಣೆಗೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಗಂಡನಿಗೂ ಗೊತ್ತಿರಲಿಲ್ಲ.

ಸುಮ್ಮನಿದ್ದುದರಿಂದ ದುಡ್ಡು ಉಳಿಯಿತು, ಸರಿ. ಆದರೆ ತಿಂಗಳ ಮೊದಲ ಭಾನುವಾರ ಬಂತೆಂದರೆ ಅವಳ ಹೊಟ್ಟೆಯಲ್ಲಿ ಕಿಚ್ಚು ಹತ್ತುತ್ತಿತ್ತು. ಚಿಕ್ಕವಳು (ಓರಗಿತ್ತಿಯನ್ನು ಮನೆಯಲ್ಲೆಲ್ಲ ಹಾಗೆ ಕರೆಯುತ್ತಿದ್ದರು) ಡಬ್ಬವನ್ನು ಸೊಂಟಕ್ಕೇರಿಸಿಕೊಂಡು ಬರುವಳು, ಕುರ್ಚಿ ಕಿರುಗುಟ್ಟುವುದು, ಬಾಗಿಲು ತೆರೆಯುವುದು. ಮೇಲೆ ಕಾರ್ಖಾನೆಯಿಂದ ಅಗ್ಗಕ್ಕೆ ತಂದ ಮುರುಕು ಬಿಸ್ಕತ್ತಿನ ಚೀಲ ಬೇರೆ. ಅತ್ತೆ ಚಹಾದಲ್ಲಿ ಅದ್ದಿಕೊಂಡು, "ನಮ್ಮ ಚಿಕ್ಕವಳು ಗಟ್ಟಿಗಿತ್ತಿ" ಎನ್ನುವರು. ನಿಜ ಹೇಳಿದರೆ ಆ ಬಾಗಿಲು ತನಗೇ ತೆರೆದೀತು ಎಂದು ಲೆಕ್ಕದಕ್ಕನಿಗೆ ಗೊತ್ತಿತ್ತು. ಅಥವಾ ತೆರೆಯದೆಯೂ ಇದ್ದೀತು. ಸೂಪರ್‌ವೈಸರಿಗೆ ಎಷ್ಟು ಕೊಡುತ್ತಾರೋ ಯಾರಿಗೆ ಗೊತ್ತು? ಇಪ್ಪತ್ತೇ ಇರಬಹುದು. ಅದು ತಿಳಿಯದೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ದುಡ್ಡೂ ಉಳಿಯಬೇಕು, ಬಾಗಿಲೂ ತೆರೆಯಬೇಕು, ಎರಡೂ ಬೇಕಿತ್ತು ಅವಳಿಗೆ.

ಹೀಗಿರುವಾಗ ಒಂದು ದಿನ ಮಗಳು ಊಟಕ್ಕೆ ಕೂತು ಪತ್ರಿಕೆ ಓದುತ್ತಿದ್ದಳು. "ಅಮ್ಮ, ನಿಮ್ಮ ಲೆಕ್ಕ ಬಂದಿದೆ. ಈ ಮೂರು ತಿಂಗಳಲ್ಲಿ ರಾಜ್ಯದ ನಿರುದ್ಯೋಗ ಇಳಿಕೆ. ಸರಾಸರಿ ಸಂಬಳ ನೂರಕ್ಕೆ ನಾಲ್ಕು ಏರಿಕೆ. ಮನೆ ಬಾಡಿಗೆ ನೂರಕ್ಕೆ ಹನ್ನೊಂದು ಏರಿಕೆ."

"ನಿರುದ್ಯೋಗ ಇಳೀತಾ? ನನಗೆ ಯಾರೂ ಹೇಳಲೇ ಇಲ್ಲ," ಎಂದ ಅವಳ ಅಪ್ಪ.

"ನೀವು ಪಕ್ಕದ ಮನೆಯವರ ಗೇಟು ರಿಪೇರಿ ಮಾಡಿದ್ರಲ್ಲ," ಎಂದಳು ಲೆಕ್ಕದಕ್ಕ. "ವಾರದಲ್ಲಿ ಒಂದು ಗಂಟೆ ದುಡಿದು ಏನಾದ್ರೂ ಕೈಗೆ ಬಂದ್ರೆ ಸಾಕು, ನಮ್ಮ ಲೆಕ್ಕದಲ್ಲಿ ಉದ್ಯೋಗಸ್ಥರು."

"ಎರಡು ಗಂಟೆ ಮಾಡಿದೆ. ಎರಡು ಮೊಟ್ಟೆ ಕೊಟ್ಟರು. ಹಾಗಾದ್ರೆ ನಾನು ಭಾರೀ ಉದ್ಯೋಗಸ್ಥ ಬಿಡು."

ಮೈದುನ ನಕ್ಕ, ಮಗಳೂ ನಕ್ಕಳು. ಅತ್ತೆ ನಗಲಿಲ್ಲ. ತಟ್ಟೆಯ ಅಂಚಿಗೆ ಆಲೂಗಡ್ಡೆ ಸರಿಸುತ್ತಾ, "ಮಹಡಿಯವರು ತಿಂಗಳ ಕೊನೆಗೆ ಖಾಲಿ ಮಾಡ್ತಾರಂತೆ," ಎಂದರು.

ಮಹಡಿ ಎಂದರೆ ಎರಡು ಕೋಣೆ, ಬೇರೆ ಅಡುಗೆಮನೆ, ಬೀದಿಗೆ ತೆರೆದ ಕಿಟಕಿ. ಕೆಳಗೆ ಇದ್ದದ್ದು ಹಾಲ್, ಮುಂದಿನ ಕೋಣೆ, ಹಿಂದಿನ ಸಾಮಾನು ಕೋಣೆ. ಮಹಡಿಯ ಬಾಡಿಗೆ ಏಳೂವರೆ ಸಾವಿರವೇ ಅತ್ತೆಯ ಕೈಖರ್ಚು, ಔಷಧಿ ಎಲ್ಲ.

"ನಾವು ಹೋಗ್ತೀವಿ ಅತ್ತೆ," ಎಂದಳು ಲೆಕ್ಕದಕ್ಕ ಮೊದಲು. "ಇವಳಿಗೆ ಮುಂದಿನ ವರ್ಷ ದೊಡ್ಡ ಪರೀಕ್ಷೆ. ಹಾಲ್‌ನಲ್ಲಿ ಗೊರಕೆ ಕೇಳ್ಕೊಂಡು ಓದ್ತಾಳೆ ಪಾಪ. ಇವರಿಗೆ ಕೆಲಸ ಸಿಗೋವರೆಗೆ ಐದು ಸಾವಿರ ಕೊಡ್ತೀವಿ."

"ಯಾರ ಗೊರಕೆ?" ಎಂದರು ಅತ್ತೆ.

"ಅಜ್ಜಿ, ನಿಮ್ಮದೇ," ಎಂದಳು ಮೊಮ್ಮಗಳು.

ಚಿಕ್ಕವಳು ನೀರು ಕುಡಿದು ಲೋಟ ಕೆಳಗಿಟ್ಟಳು. "ನಾವು ನಾಲ್ಕು ವರ್ಷದಿಂದ ಸಾಮಾನು ಕೋಣೆಯಲ್ಲಿ ಮಲಗ್ತಿದ್ದೀವಿ ಅತ್ತೆ. ಕಾಲು ಚಾಚಿದ್ರೆ ಅಕ್ಕಿ ಚೀಲ, ಕೈ ಚಾಚಿದ್ರೆ ಎಣ್ಣೆ ಡಬ್ಬ. ಈಗಿನವರು ಕೊಡೋ ಏಳೂವರೆನೇ ಕೊಡ್ತೀವಿ."

"ನೀನು ಸೂಪರ್‌ವೈಸರ್ ಕಣಮ್ಮ. ಹೊರಗಡೆನೇ ಒಳ್ಳೆ ಮನೆ ಮಾಡಬಹುದಲ್ಲ," ಎಂದಳು ಲೆಕ್ಕದಕ್ಕ.

"ಹೊರಗಡೆ ಬಾಡಿಗೆ ನೂರಕ್ಕೆ ಹನ್ನೊಂದು ಏರಿದೆ ಅಂತ ಇವಳು ಈಗ ತಾನೇ ಓದಿದಳು. ಆ ಲೆಕ್ಕ ಬರೆದವರು ನೀವೇ ಅಲ್ವಾ ಅಕ್ಕ?"

"ಲೆಕ್ಕ ಬರೆದ ಮಾತ್ರಕ್ಕೆ ಬಾಡಿಗೆ ಏರಿಸಿದ್ದು ನಾನಾ?"

"ಏರಿಸಿದ್ರಿ ಅಂತ ಯಾರು ಹೇಳಿದ್ರು? ಏರಿದೆ ಅಂತ ನಿಮಗೆ ಗೊತ್ತಿದೆ ಅಂದೆ ಅಷ್ಟೆ."

"ಸಾಕು," ಎಂದರು ಅತ್ತೆ. "ಹೊರಗಿನವರಿಗೆ ಕೊಟ್ರೆ ಹನ್ನೊಂದು ಸಾವಿರ ಬರುತ್ತೆ, ಅದೂ ನನಗೆ ಗೊತ್ತು. ಮನೆಯವರಲ್ಲಿ ಯಾರಿಗೆ ನಿಜವಾಗಿ ಗತಿಯಿಲ್ಲವೋ ಅವರಿಗೆ ಕೊಡ್ತೀನಿ. ಒಂದನೇ ತಾರೀಕು ಹೇಳ್ತೀನಿ. ಅಲ್ಲಿವರೆಗೆ ಯಾರೂ ನನ್ನ ತಲೆ ತಿನ್ನಬೇಡಿ."

ಮಾರನೆಯ ದಿನದಿಂದಲೇ ಲೆಕ್ಕದಕ್ಕ ತಲೆ ತಿನ್ನಲು ಶುರುಮಾಡಿದಳು. ಅತ್ತೆ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರೆ ಎದುರಿಗೆ ಕೂತು ತಾನೂ ಆರಿಸುವಳು. "ನನ್ನ ಒಂಬತ್ತು ಚಿಲ್ಲರೆ ಸಾವಿರದಲ್ಲಿ ಏನಾಗುತ್ತೆ ಹೇಳಿ ಅತ್ತೆ" ಎಂದು ನಿಟ್ಟುಸಿರು ಬಿಡುವಳು. "ಅವರು ಇಬ್ಬರೂ ದುಡೀತಾರೆ, ಅವಳ ಕಾರ್ಡಿನ ಪಟ್ಟಿ ನೋಡಿದ್ರಾ, ಹಸಿರು. ಹಸಿರು ಅಂದ್ರೆ ಕಡಿಮೆ ಕೊಡ್ತಾರಾ?" ಅತ್ತೆ ಹೂಂ ಎನ್ನದೆ ಉಹೂಂ ಎನ್ನದೆ ಕಲ್ಲು ಎಸೆಯುತ್ತಿದ್ದರು. ಚಿಕ್ಕವಳು ಸುಮ್ಮನೆ ಕೆಲಸಕ್ಕೆ ಹೋಗಿ ಬರುತ್ತಿದ್ದಳು, ಬಂದು ಪಾತ್ರೆ ತೊಳೆಯುತ್ತಿದ್ದಳು. ಆ ಸುಮ್ಮನಿರುವಿಕೆಯೂ ಲೆಕ್ಕದಕ್ಕನ ಕಣ್ಣಿಗೆ ಜಂಭವಾಗಿಯೇ ಕಂಡಿತು. ದುಡ್ಡಿದ್ದವರಿಗೆ ಮಾತೇಕೆ ಬೇಕು ಎಂದುಕೊಂಡಳು.

ಎರಡನೆಯ ವಾರ ಕಚೇರಿಯಿಂದ ಹೊಸ ಪಟ್ಟಿ ಬಂತು. ಅದರಲ್ಲಿ ಅವರದೇ ಬೀದಿ, ಅವರದೇ ಮನೆಯ ನಂಬರು. ತಮ್ಮ ಮನೆಯನ್ನು ತಾವೇ ಲೆಕ್ಕ ಮಾಡುವಂತಿಲ್ಲ ಎಂಬುದು ಕಚೇರಿಯ ನಿಯಮ. ಆ ಒಂದು ಮನೆ ಜೊತೆಗಾರ್ತಿಯ ಪಾಲಿಗೆ ಹೋಯಿತು. ಈ ಜೊತೆಗಾರ್ತಿ ಬಿಸಿಲಿಗೂ ಮೋಡಕ್ಕೂ ಕೊಡೆ ಹಿಡಿದೇ ಓಡಾಡುವವಳಾದ್ದರಿಂದ ಕಚೇರಿಯಲ್ಲಿ ಅವಳು ಕೊಡೆ ಮೇಡಂ. ಒಂದು ಮಧ್ಯಾಹ್ನ ಅವಳು ಬಂದು ಹೋದಳು. ಮನೆಯಲ್ಲಿ ಇದ್ದವನು ಕೆಲಸವಿಲ್ಲದ ಹಿರಿಯ ಮಗ ಒಬ್ಬನೇ, ಅವನೇ ಎಲ್ಲರ ಪರವಾಗಿ ಉತ್ತರ ಹೇಳಿದ.

"ಏನೇನು ಕೇಳಿದಳು?" ಎಂದು ಲೆಕ್ಕದಕ್ಕ ಸಂಜೆ ಚಪ್ಪಲಿ ಬಿಡುವ ಮೊದಲೇ ವಿಚಾರಿಸಿದಳು.

"ನೀನು ಊರಲ್ಲೆಲ್ಲ ಕೇಳೋದನ್ನೇ."

"ಚಿಕ್ಕವಳ ಸಂಬಳ ಕೇಳಿದಳಾ? ಏನಂದ್ರಿ?"

"ಅದನ್ನ ಬೇರೆಯವರಿಗೆ ಹೇಳೋ ಹಾಗಿಲ್ಲವಂತೆ. ನಿಮ್ಮ ಕಚೇರಿ ನಿಯಮ ತಾನೇ?" ಎಂದು ಅವನು ಮುರಿದ ಕುರ್ಚಿಯ ಕಾಲಿಗೆ ಮೊಳೆ ಹೊಡೆಯತೊಡಗಿದ.

ಅಂದರೆ ಇವರಿಗೆ ಗೊತ್ತಿದೆ ಎಂದು ಲೆಕ್ಕದಕ್ಕ ಇದ್ದಲ್ಲೇ ಕುದಿದಳು. ನನಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತಿದೆ.

ಶುಕ್ರವಾರ ಕೊಡೆ ಮೇಡಂ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಹಲ್ಲುನೋವಿಗೆ ಕೆನ್ನೆ ಊದಿ ಒಂದು ಕಣ್ಣು ಮುಚ್ಚಿತ್ತು. "ಡಾಕ್ಟರ ಹತ್ರ ಓಡ್ತಿದ್ದೀನಿ ಕಣೇ. ಈ ಕಟ್ಟನ್ನ ಸೋಮವಾರ ಕಚೇರಿಗೆ ಕೊಟ್ಟುಬಿಡು. ನಿನ್ನ ಮನೆಯದು ಮೇಲಿನ ಲಕೋಟೆಯಲ್ಲಿದೆ, ಅಂಟಿಸಿದ್ದೀನಿ. ಹಾಗೇ ಕೊಡು," ಎಂದು ಕೈಗೆ ತುರುಕಿ ಬಸ್ಸು ಹತ್ತಿದಳು.

ಶನಿವಾರ ಬೆಳಗ್ಗೆ ಗಂಡ ಅತ್ತೆಯನ್ನು ಮಂಡಿಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಮಗಳು ಶಾಲೆಗೆ, ಉಳಿದಿಬ್ಬರು ಕೆಲಸಕ್ಕೆ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಲೆಕ್ಕದಕ್ಕ ಲಕೋಟೆಯನ್ನು ಒಂದು ಸಲ ಕಪಾಟಿನಲ್ಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಕೊನೆಗೆ ತೆಗೆದುಕೊಂಡು ಹೋಗಿ ಅನ್ನದ ಹಬೆಗೆ ಹಿಡಿದಳು. ಹದಿನೈದು ಎಣಿಸುವಷ್ಟರಲ್ಲಿ ಅಂಟು ಬಿಟ್ಟಿತು.

ಮೊದಲು ಚಿಕ್ಕವಳ ಸಾಲು ಹುಡುಕಿದಳು. ಹದಿನಾಲ್ಕು ಸಾವಿರದ ಇನ್ನೂರು.

ಲೆಕ್ಕದಕ್ಕನಿಗೆ ಕುಣಿಯಬೇಕೆನಿಸಿತು. ಹದಿನಾಲ್ಕು. ಹಸಿರು ಪಟ್ಟಿ, ಮುರುಕು ಬಿಸ್ಕತ್ತು, ಗಟ್ಟಿಗಿತ್ತಿ, ಎಲ್ಲ ಸೇರಿ ಬರೀ ಹದಿನಾಲ್ಕು. ತನ್ನದಕ್ಕಿಂತ ಎರಡು ಸಾವಿರದ ಆರುನೂರು ಕಡಿಮೆ. ಆರು ತಿಂಗಳಿಂದ ಅತ್ತೆ ಕುರ್ಚಿ ಬಿಟ್ಟು ಎದ್ದದ್ದು ತಪ್ಪು ಮನುಷ್ಯಳಿಗೆ. ಈ ಸಂತೋಷದಲ್ಲಿ ಮೇಲಿನ ಸಾಲುಗಳನ್ನೂ ಓದಿದಳು. ಅತ್ತೆ: ಮಹಡಿಯ ಬಾಡಿಗೆ, ಏಳೂವರೆ ಸಾವಿರ. ಮೈದುನ: ಹನ್ನೆರಡು ಸಾವಿರದ ನಾನೂರು. ಗಂಡ: ಎರಡು ಗಂಟೆ ಕೆಲಸ, ಪ್ರತಿಫಲ ಎರಡು ಮೊಟ್ಟೆ, ಪೇಟೆಯ ದರದಲ್ಲಿ ಅದರ ಬೆಲೆಯನ್ನೂ ಹಾಕಿದ್ದಳು ಕೊಡೆ ಮೇಡಂ. ಪೈಸೆ ಸಮೇತ ಎಲ್ಲರದೂ ಇತ್ತು.

ಎರಡನೆಯ ಸಾಲಿನಲ್ಲಿ ಅವಳೇ ಇದ್ದಳು. ಸಂಬಂಧ: ಹೆಂಡತಿ. ಉದ್ಯೋಗ: ಅಂಕಿಅಂಶ ಕಚೇರಿ, ಗುತ್ತಿಗೆ. ತಿಂಗಳ ಸಂಬಳ: ತೊಂಬತ್ತೊಂಬತ್ತು.

ಅನ್ನ ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ಅವಳು ಉರಿ ತಗ್ಗಿಸಿ ಮತ್ತೆ ನೋಡಿದಳು. ಆ ಮನೆಯಲ್ಲಿ ಯಾರ ಸಂಬಳ ಗಂಡನಿಗೆ ಗೊತ್ತಿಲ್ಲವೋ ಅಂಥವಳು ಅವಳೊಬ್ಬಳೇ. ಆದರೆ ಅದಕ್ಕಿಂತ ಮೊದಲು ಅವಳ ತಲೆಗೆ ಬಂದದ್ದು ಕಚೇರಿ. ಲೆಕ್ಕದಕ್ಕನ ಸ್ವಂತ ಮನೆಯಲ್ಲೇ ತೊಂಬತ್ತೊಂಬತ್ತು ಎಂದರೆ ಅಲ್ಲಿನವರು ವರ್ಷವಿಡೀ ಆಡಿಕೊಂಡು ನಗುತ್ತಾರೆ. ಮರುಭೇಟಿಗೆ ಯಾರನ್ನಾದರೂ ಕಳಿಸುತ್ತಾರೆ, ಅತ್ತೆಯ ಎದುರಿಗೇ ಕೇಳುತ್ತಾರೆ. ಮಹಡಿ ಕೈಬಿಟ್ಟು ಹೋಗುತ್ತದೆ.

ಪೆನ್ನು ತಂದಳು. ತೊಂಬತ್ತೊಂಬತ್ತನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂಬತ್ತು ಸಾವಿರದ ಎಂಟುನೂರು ಎಂದು ಬರೆದಳು. ಎರಡು ಅನ್ನದ ಅಗುಳು ಅರೆದು ಲಕೋಟೆ ಅಂಟಿಸಿ, ಅದರ ಮೇಲೆ ಅಕ್ಕಿ ಡಬ್ಬ ಹೇರಿಟ್ಟಳು. ಗಂಡ ಮತ್ತು ಅತ್ತೆ ಬರುವ ಹೊತ್ತಿಗೆ ತಟ್ಟೆ ಹಾಕಿ ಆಗಿತ್ತು.

ಸೋಮವಾರ ಕಟ್ಟನ್ನು ಕೊಟ್ಟಳು. ಮಂಗಳವಾರ ಕೊಡೆ ಮೇಡಂ ಅವಳನ್ನು ಕಚೇರಿಯ ಹಿಂದಿನ ಬೆಂಚಿಗೆ ಕರೆದೊಯ್ದು ಫಾರಂ ತೊಡೆಯ ಮೇಲೆ ಹರಡಿದಳು. ಅವಳ ಕೆನ್ನೆಯ ಊತ ಇಳಿದಿತ್ತು.

"ಇದನ್ನ ತಿದ್ದಿದ್ದು ಯಾರು?"

"ನನಗೇನು ಗೊತ್ತು? ನೀನೇ ತಿದ್ದಿರಬೇಕು."

"ನಾನಾ? ಇಲ್ಲಿ ನೋಡೇ."

ಲೆಕ್ಕದಕ್ಕ ನೋಡಿದಳು. ತಪ್ಪನ್ನು ಗೀಚಬಾರದು, ಒಂದೇ ಗೆರೆಯಲ್ಲಿ ಹೊಡೆಯಬೇಕು, ಪಕ್ಕದಲ್ಲಿ ತಿದ್ದಿದವರು ಕಿರುಸಹಿ ಹಾಕಿ ತಾರೀಕು ಬರೆಯಬೇಕು. ಐದು ವರ್ಷ ಸಾವಿರಾರು ಫಾರಂಗಳಲ್ಲಿ ಅವಳು ಪಾಲಿಸಿದ ನಿಯಮ ಅದು. ಈ ಫಾರಂನಲ್ಲೂ ಪಾಲಿಸಿದ್ದಳು. ಅಡ್ಡಗೆರೆ ಹದವಾಗಿ ಒಂದೇ ಇತ್ತು. ಪಕ್ಕದಲ್ಲಿ ಅವಳ ಕಿರುಸಹಿ, ಬಾಲ ಎಳೆದು ಚುಕ್ಕಿ ಇಟ್ಟದ್ದು, ಕೆಳಗೆ ಶನಿವಾರದ ತಾರೀಕು.

"ಕಳ್ಳತನ ಮಾಡಿ ರಸೀದಿ ಕೊಟ್ಟು ಬಂದಿದ್ದೀಯಲ್ಲೇ," ಎಂದಳು ಕೊಡೆ ಮೇಡಂ. ನಗು ಬಂದರೂ ನಗಲಿಲ್ಲ. "ಮೇಲಾಗಿ ಸುಳ್ಳು ಅಂಕಿ. ನಿನಗೂ ನನಗೂ ಒಂದೇ ಸಂಬಳ. ನನ್ನ ಸಂಬಳ ಎಷ್ಟು ಅಂತ ನಮ್ಮ ಮನೆ ನಾಯಿಗೂ ಗೊತ್ತು. ನಿನ್ನ ಗಂಡನಿಗೆ ಗೊತ್ತಿಲ್ಲ. ಯಾಕೆ?"

ಲೆಕ್ಕದಕ್ಕ ಫಾರಂ ಮಡಿಸಲು ಕೈ ಹಾಕಿದಳು. ಕೊಡೆ ಮೇಡಂ ಬಿಡಲಿಲ್ಲ.

"ಇದು ತಪಾಸಣೆಗೆ ಹೋಗೋದು ಗುರುವಾರ. ಹೋದ್ರೆ ನಿನ್ನ ಗುತ್ತಿಗೆ ಈ ಕ್ವಾರ್ಟರಿಗೇ ಮುಗೀತು. ಹರಿದು ಹಾಕ್ತೀನಿ, ಹೊಸ ಫಾರಂ ತುಂಬ್ತೀನಿ. ಆದ್ರೆ ಕೇಳದೆ ತುಂಬೋದಿಲ್ಲ. ನಾಳೆ ಸಂಜೆ ಆರು ಗಂಟೆಗೆ ನಿಮ್ಮ ಮನೆಗೆ ಬರ್ತೀನಿ, ಎಲ್ಲರೂ ಇರಲಿ. ಒಬ್ಬೊಬ್ಬರನ್ನೇ ಕೇಳ್ತೀನಿ. ನಿನ್ನದು ನೀನೇ ಹೇಳು."

"ಇಲ್ಲೇ ಹೇಳ್ತೀನಿ, ಬರ್ಕೋ."

"ಮನೆಯ ಲೆಕ್ಕ ಮನೆಯಲ್ಲಿ," ಎಂದು ಕೊಡೆ ಮೇಡಂ ಎದ್ದಳು.

ಬುಧವಾರ ಆರು ಗಂಟೆಗೆ ಸರಿಯಾಗಿ ಕೊಡೆ ಬಾಗಿಲ ಬಳಿ ಒರಗಿತು. ಅತ್ತೆ ಕುರ್ಚಿಯಲ್ಲಿ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಮೈದುನ ಆಗ ತಾನೇ ಕೈಕಾಲು ತೊಳೆದು ಬಂದಿದ್ದ. ಲೆಕ್ಕದಕ್ಕ ಎಲ್ಲರಿಗೂ ಚಹಾ ಕೊಟ್ಟು, ಕೂರಲು ಜಾಗವಿದ್ದರೂ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಮತ್ತೆ ಯಾಕೆ?" ಎಂದ ಗಂಡ. "ಹೋದ ಸಲ ನಾನೇ ಎಲ್ಲ ಹೇಳಿದ್ದೆನಲ್ಲ."

"ಒಂದು ಫಾರಂ ಕೆಟ್ಟುಹೋಯ್ತು," ಎಂದಳು ಕೊಡೆ ಮೇಡಂ, ಯಾರನ್ನೂ ನೋಡದೆ.

ಅತ್ತೆಯದಾಯಿತು, ಮೈದುನನದಾಯಿತು. ಚಿಕ್ಕವಳು ಕೇಳಿದ ತಕ್ಷಣ ಹೇಳಿದಳು. "ಹದಿನಾಲ್ಕು ಸಾವಿರದ ಇನ್ನೂರು. ಸೂಪರ್‌ವೈಸರ್ ಮಾಡಿದ ಮೇಲೆ ಓವರ್‌ಟೈಮ್ ಕೊಡಲ್ಲ, ಅದಕ್ಕೆ ಹೆಚ್ಚೇನೂ ಏರಿಲ್ಲ. ಪಟ್ಟಿ ಮಾತ್ರ ಹಸಿರು."

"ನಿಮ್ಮದು?" ಎಂದು ಕೊಡೆ ಮೇಡಂ ಬಾಗಿಲ ಕಡೆ ತಿರುಗಿದಳು. ಕಚೇರಿಯಲ್ಲಿ ನೀನು ಎನ್ನುವವಳು ಫಾರಂ ಹಿಡಿದಾಗ ನೀವು ಎನ್ನುತ್ತಾಳೆ.

ಸಾವಿರ ಮನೆಗಳಲ್ಲಿ ಈ ಪ್ರಶ್ನೆ ಕೇಳಿದವಳು ಚಹಾದ ಖಾಲಿ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಈಗಲೂ ಒಂಬತ್ತು ಎನ್ನಬಹುದಿತ್ತು. ಆದರೆ ಪೆನ್ನು ಹಿಡಿದವಳಿಗೆ ನಿಜ ಗೊತ್ತಿತ್ತು. ಅದಲ್ಲದೆ ಇನ್ನೊಂದೂ ಇತ್ತು. ಚಿಕ್ಕವಳ ಹದಿನಾಲ್ಕು ಇನ್ನೂ ಹಾಲ್‌ನಲ್ಲಿ ನಿಂತಿತ್ತು, ಅತ್ತೆ ಅದಕ್ಕೂ ಮೆಚ್ಚಿ ತಲೆಯಾಡಿಸಿದ್ದರು. ಅದನ್ನು ಲೆಕ್ಕದಕ್ಕನಿಂದ ಸಹಿಸಲು ಆಗಲಿಲ್ಲ.

"ಹದಿನಾರು ಸಾವಿರದ ಎಂಟುನೂರು," ಎಂದಳು.

ಅತ್ತೆಯ ಚಾಕು ನಿಂತಿತು. ಮೈದುನ ಚಹಾದ ಲೋಟವನ್ನು ಬಾಯಿಯವರೆಗೆ ತಂದವನು ಹಾಗೇ ಹಿಡಿದುಕೊಂಡ. ಗಂಡ ಮುಖ ಎತ್ತಲಿಲ್ಲ, ಕುರ್ಚಿಗೆ ತಾನು ಹೊಡೆದ ಮೊಳೆಯನ್ನೇ ಹೆಬ್ಬೆರಳಿನಿಂದ ಸವರುತ್ತಿದ್ದ.

"ಯಾವಾಗಿಂದ?" ಎಂದರು ಅತ್ತೆ.

"ಒಂದೂವರೆ ವರ್ಷ ಆಯ್ತು."

"ಆರು ಡಬ್ಬ," ಎಂದಳು ಚಿಕ್ಕವಳು. ದನಿ ಏರಿಸಲಿಲ್ಲ. "ನಾನು ತಂದದ್ದು ಆರು ಡಬ್ಬ ಅಕ್ಕ. ಎರಡನೇದು ತಂದಾಗ ಜಿಡ್ಡು ವಾಸನೆ ಅಂದ್ರಿ. ನಾಲ್ಕನೇದು ತಂದಾಗ, ಸೂಪರ್‌ವೈಸರ್ ಆದವಳು ಸ್ವಲ್ಪ ಒಳ್ಳೆ ಎಣ್ಣೆ ತರಬಾರದಾ ಅಂದ್ರಿ. ನಾನು ಒಳ್ಳೇದನ್ನೇ ತಂದೆ."

"ಮಗಳ ಓದಿಗೆ ಅಂತ ಕೂಡಿ..."

"ನನ್ನ ಹೆಸರು ಹೇಳಬೇಡ ಅಮ್ಮ," ಎಂದಳು ಮೂಲೆಯಲ್ಲಿ ಪುಸ್ತಕ ಹಿಡಿದಿದ್ದ ಮಗಳು.

ಕೊಡೆ ಮೇಡಂ ಫಾರಂ ಮಡಿಸಿ, ಚಹಾ ಪೂರ್ತಿ ಕುಡಿಯದೆ ಎದ್ದಳು. ಅವಳು ಬಾಗಿಲು ದಾಟಿದ ಮೇಲೆ ಅತ್ತೆ ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕಿಟ್ಟು ಕಡ್ಡಿ ಮುರಿದಂತೆ ಹೇಳಿದರು.

"ಒಂದನೇ ತಾರೀಕಿನವರೆಗೆ ಕಾಯೋದು ಬೇಡ. ಮಹಡಿ ಚಿಕ್ಕವರಿಗೆ, ಏಳೂವರೆಗೆ. ಮೊಮ್ಮಗಳಿಗೆ ಅವರ ಸಾಮಾನು ಕೋಣೆ, ನನ್ನ ಗೊರಕೆ ಅಲ್ಲಿಗೆ ಕೇಳಲ್ಲ. ಎಣ್ಣೆ ದೊಡ್ಡವಳಿಗೆ."

ಊಟವಾದ ಮೇಲೆ ಲೆಕ್ಕದಕ್ಕ ಪಾತ್ರೆ ತೊಳೆದಳು. ಗಂಡ ಬಂದು ಪಕ್ಕದಲ್ಲಿ ನಿಂತು ತೊಳೆದ ತಟ್ಟೆಗಳನ್ನು ಒರೆಸತೊಡಗಿದ. ಕೆಲಸ ಹೋದಾಗಿನಿಂದ ಅವನು ಹಾಗೆ ಮಾಡುತ್ತಿದ್ದ.

"ಏನಾದ್ರೂ ಒಂದು ಅಂಕಿ ಹೇಳಿಬಿಡಬಹುದಿತ್ತು ನೀವು," ಎಂದಳು ಅವಳು. "ಗೊತ್ತಿಲ್ಲ ಅಂತ ಯಾಕೆ ಹೇಳಿದ್ರಿ?"

"ಸೇರಿದಾಗಿನದು ಗೊತ್ತಿತ್ತು, ಈಗಿನದು ಗೊತ್ತಿರಲಿಲ್ಲ. ಗೊತ್ತಿಲ್ಲದೇ ಇದ್ದದ್ದನ್ನ ಗೊತ್ತಿಲ್ಲ ಅಂದೆ. ಊಹೆ ಮಾಡಿ ಹೇಳೋರನ್ನ ಕಂಡ್ರೆ ಆಗಲ್ಲ ಅಂತ ನೀನೇ ಬೈತಿದ್ದೆ."

"ಚಿಕ್ಕವಳದ್ದು ಮಾತ್ರ ಗೊತ್ತಿತ್ತು."

"ಕಾರ್ಖಾನೆ ಮುಚ್ಚಿದ ವಾರ ಅವಳೇ ಬಂದು ಹೇಳಿದಳು. ಭಾವ, ನನಗೆ ಇಷ್ಟು ಬರುತ್ತೆ, ಕೈ ಬಿಗಿಯಾದ್ರೆ ಕೇಳಿ ಅಂದಳು. ನಾನು ಕೇಳಲಿಲ್ಲ." ಅವನು ಒಂದು ತಟ್ಟೆಯನ್ನು ಒರೆಸಿದ್ದನ್ನೇ ಮತ್ತೆ ಒರೆಸಿದ. "ಆ ವಾರ ನೀನೂ ಹೇಳ್ತೀಯೇನೋ ಅಂತ ಕಾದೆ. ನಿನ್ನ ದುಡ್ಡು ಬೇಕಿರಲಿಲ್ಲ ನನಗೆ. ಮನೆಯಲ್ಲಿ ಬರ್ತಿದೆ ಅಂತ ಗೊತ್ತಾಗಿದ್ರೆ ಸಾಕಿತ್ತು. ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ."

ಅವಳಿಗೆ ಅಳು ಬಂತು. ಅದರಲ್ಲಿ ಅರ್ಧ ಗಂಡನಿಗಾಗಿ ಇತ್ತು. ಇನ್ನರ್ಧ, ಆ ಮಾತನ್ನು ಚಿಕ್ಕವಳು ತನಗಿಂತ ಮೊದಲು ಆಡಿಬಿಟ್ಟಳಲ್ಲ ಎಂಬ ಸಂಕಟಕ್ಕೆ. ನಲ್ಲಿ ಜೋರಾಗಿ ಬಿಟ್ಟು ಬಾಣಲೆ ಉಜ್ಜಿದಳು.

ಮುಂದಿನ ತಿಂಗಳ ಮೊದಲ ಭಾನುವಾರ ಲೆಕ್ಕದಕ್ಕ ಅಂಗಡಿಗೆ ಹೋದಳು. ಜಿಡ್ಡು ವಾಸನೆ ಎಂದು ತಾನೇ ಹೀಗಳೆದಿದ್ದ ಎಣ್ಣೆಯ ಬೆಲೆ ಕೇಳಿದಳು, ಒಳ್ಳೆಯದರ ಬೆಲೆಯನ್ನೂ ಕೇಳಿದಳು, ಒಳ್ಳೆಯದನ್ನೇ ಕೊಂಡಳು. ಡಬ್ಬ ಸೊಂಟಕ್ಕೇರಿಸಿಕೊಂಡು ಹೊರಟರೆ ಮೊದಲ ತಿರುವಿನಲ್ಲೇ ಅದರ ಅಂಚು ಪಕ್ಕೆಗೆ ಒತ್ತತೊಡಗಿತು. ಎರಡು ಸಲ ಸೊಂಟ ಬದಲಿಸಿದಳು. ಚಿಕ್ಕವಳು ಹೀಗೆ ನಿಂತು ಬದಲಿಸಿದ್ದನ್ನು ಅವಳು ನೋಡಿರಲಿಲ್ಲ, ಅವಳು ನೋಡಿದ್ದು ಡಬ್ಬ ಬಾಗಿಲಿಗೆ ಬಂದ ಮೇಲಷ್ಟೇ.

ಮನೆಯ ಮುಂದೆ ಬರುತ್ತಿದ್ದಂತೆ ಒಳಗೆ ಕುರ್ಚಿ ಕಿರುಗುಟ್ಟಿತು. ಅತ್ತೆ ಮಂಡಿ ಹಿಡಿದುಕೊಂಡು ಬಂದು ಬಾಗಿಲು ತೆಗೆದರು.

"ಬಂತಾ ಎಣ್ಣೆ? ಬಾ, ಕೂತ್ಕೋ, ಸುಸ್ತಾಗಿರ್ತೀಯ."

ಅದೇ ಮಾತು, ಒಂದಕ್ಷರ ಕಡಿಮೆಯಿಲ್ಲ. ಆರು ತಿಂಗಳಿಂದ ಅವಳು ಬಯಸಿ ಬಯಸಿ ಬೆಂದದ್ದು ಇದಕ್ಕೇ. ಒಳಗೆ ಕಾಲಿಡಬೇಕು, ಅಷ್ಟರಲ್ಲಿ ಪಕ್ಕದ ಮೆಟ್ಟಿಲಿನ ಮೇಲಿಂದ ಚಿಕ್ಕವಳು ಇಳಿದು ಬಂದಳು. ಕೊನೆಯ ಪೆಟ್ಟಿಗೆಯನ್ನು ಮಹಡಿಗೆ ಸಾಗಿಸಿ ಆಗಿತ್ತು. ಬೆರಳಿಗೆ ಸಿಕ್ಕಿಸಿಕೊಂಡ ಬೀಗದ ಕೈ ಒಂದನ್ನು ಬಿಟ್ಟರೆ ಅವಳ ಎರಡು ಕೈಯೂ ಖಾಲಿ. ಅವುಗಳನ್ನು ಬೀಸಿಕೊಂಡು ನಡೆಯುತ್ತಿದ್ದಳು.

"ಭಾರನಾ ಅಕ್ಕ?" ಎಂದಳು.

"ಇಲ್ಲಪ್ಪ," ಎಂದಳು ಲೆಕ್ಕದಕ್ಕ.

ಚಿಕ್ಕವಳು ನಕ್ಕು ಬೀದಿಗೆ ಹೋದಳು. ಅತ್ತೆ ಬಾಗಿಲು ಹಿಡಿದುಕೊಂಡೇ ಇದ್ದರು. ಲೆಕ್ಕದಕ್ಕ ಮಾತ್ರ ಹೊಸಿಲಲ್ಲಿ ನಿಂತು, ಐದು ಲೀಟರನ್ನು ಪಕ್ಕೆಗೆ ಒತ್ತಿ ಹಿಡಿದು, ಬೀದಿಯ ತಿರುವಿನವರೆಗೂ ಆ ಖಾಲಿ ಕೈಗಳನ್ನೇ ನೋಡಿದಳು, ಹೊಟ್ಟೆ ಉರಿಯುತ್ತಿತ್ತು.